ಅವ್ವನ ಮೊಣಕಾಲು, ಸೆಂಥಿಲನ ಕನ್ನಡಕ

ಸೆಂಥಿಲ್ ಖಾಲಿ ಗಾಳಿಯನ್ನು ಚಿವುಟುತ್ತಿದ್ದ. ಆಪರೇಷನ್ ಟೇಬಲ್ಲಿನ ಮೇಲೆ ರೋಗಿ ಮಲಗಿದ್ದಾರೆ, ಮೊಣಕಾಲು ತೆರೆದಿದೆ, ಇವನು ಎರಡು ಬೆರಳನ್ನು ಎದುರಿಗೆ ಚಾಚಿ ಏನನ್ನೋ ಹಿಡಿದು, ಪಕ್ಕಕ್ಕೆ ಸರಿಸಿ, ಬಿಟ್ಟ. ಅಲ್ಲಿ ಏನೂ ಇರಲಿಲ್ಲ. ಅಂದರೆ ನನ್ನ ಪಾಲಿಗೆ ಇರಲಿಲ್ಲ. ಅವನು ಹಾಕಿಕೊಂಡಿದ್ದ ದಪ್ಪ ಕನ್ನಡಕದೊಳಗೆ ಮೂಳೆಯ ಮೇಲೊಂದು ಹಸಿರು ಗೆರೆ, ಎಷ್ಟು ಓರೆಯಾಗಿದೆ ಎನ್ನುವ ಅಂಕಿ, ಎಲ್ಲಿ ಕೊಯ್ಯಬೇಕೆಂಬ ಗುರುತು ಎಲ್ಲ ತೇಲುತ್ತಿದ್ದವಂತೆ. ಬೇಡದ್ದನ್ನು ಬೆರಳಿನಿಂದ ಆಚೆ ತಳ್ಳಿದ, ಅಷ್ಟೇ. ಶಿವಮೊಗ್ಗಕ್ಕೆ ಬಂದು ಒಂಬತ್ತು ವರ್ಷವಾದ ಮೇಲೆ ನನಗೆ ಮತ್ತೆ ಮೊದಲ ದಿನದ ಹಾಗಾಯಿತು. ಇಲ್ಲಿಯವರಿಗೆ ಕಾಣುವುದು ನನಗೆ ಕಾಣುತ್ತಿಲ್ಲ.

ನಾನು ಮೂಳೆ ಡಾಕ್ಟರು, ವಿಜಯಪುರದವಳು. ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆ. ಸವಳಂಗ ರಸ್ತೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆಯೊಡತಿ ನನ್ನ ಊರು ಕೇಳಿದರು, ಕೆಲಸ ಕೇಳಿದರು, ಆಮೇಲೆ, "ಹೆಣ್ಮಕ್ಳು ಹೆರಿಗೆ ಡಾಕ್ಟ್ರಾಗ್ತಾರೆ, ನೀನ್ಯಾಕೆ ಮಾರಾಯ್ತಿ ಸುತ್ತಿಗೆ ಹಿಡ್ದೆ?" ಅಂದರು. ಮನೆಯನ್ನೂ ಕೊಟ್ಟರು. ನಮ್ಮ ಕಡೆ ಮಾತಿಗೊಂದು "ರೀ" ಹಚ್ಚದಿದ್ದರೆ ಜಗಳ. ಇಲ್ಲಿ ಮಾರಾಯ್ತಿ ಅಂದರೆ ಸಲಿಗೆ, ಬೈಗುಳವಲ್ಲ ಎಂದು ತಿಳಿಯಲು ಒಂದಷ್ಟು ದಿನ ಬೇಕಾಯಿತು. ನಮ್ಮ ಚುರುಮುರಿ ಇಲ್ಲಿ ಮಂಡಕ್ಕಿ. ಜೋಳದ ರೊಟ್ಟಿಯೂ ಸಿಗುತ್ತದೆ, ಆದರೆ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುವುದಿಲ್ಲ. ಸಂಜೆ ರಾಗಿಗುಡ್ಡದ ಕಡೆ ಒಬ್ಬಳೇ ಹೋಗಿ ಬಂದು ಒಬ್ಬಳೇ ಉಣ್ಣುತ್ತಿದ್ದೆ. ಎದುರಿಗೆ ಕೂತು ಬೈಯುವವರಾದರೂ ಇರಬೇಕಿತ್ತು ಅನ್ನಿಸುತ್ತಿತ್ತು.

ಈ ಊರು ನನ್ನನ್ನು ಒಪ್ಪಿಕೊಂಡದ್ದು ಒಬ್ಬ ಕೊನೆಗಾರನಿಂದ. ಅಡಿಕೆ ಮರ ಹತ್ತಿ ಗೊನೆ ಇಳಿಸುವವನಿಗೆ ಇಲ್ಲಿ ಹಾಗನ್ನುತ್ತಾರೆ. ಮರದಿಂದ ಬಿದ್ದು ಸೊಂಟದ ಹತ್ತಿರ ಮೂಳೆ ಚೂರಾಗಿ ಬಂದಿದ್ದ. ಮುಂದಿನ ಕೊಯ್ಲಿಗೆ ಮತ್ತೆ ಮರ ಹತ್ತಿದ. ನಾನು ಬೇಡವೆಂದಿದ್ದೆ, ಎಲ್ಲಿ ಕೇಳುತ್ತಾನೆ. ಆಮೇಲೆ ಅವನ ಊರಿನ ಕಡೆಯವರು ಒಬ್ಬೊಬ್ಬರೇ ಬರತೊಡಗಿದರು. "ನಿಮ್ಮ ಕೈಗುಣ ಚೆನ್ನಾಗಿದೆಯಂತಲ್ಲ ಮೇಡಂ." ಓದಿದ್ದು ಎಲ್ಲರೂ ಅದೇ ಪುಸ್ತಕ, ಹಿಡಿಯುವುದು ಅದೇ ಚಾಕು, ಆದರೂ ಕೆಲವರು ಮುಟ್ಟಿದರೆ ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ ವಿಜಯಪುರದಲ್ಲೂ ಉಂಟು, ಅಲ್ಲಿಯೂ ಅದಕ್ಕೆ ಕೈಗುಣ ಎಂದೇ ಹೆಸರು. ಊಟ, ಮಾತು, ಮಳೆ ಎಲ್ಲ ಬೇರೆಯಾಗಿದ್ದ ಊರಿನಲ್ಲಿ ನನಗೆ ಗೊತ್ತಿದ್ದ ಒಂದು ಮಾತು ಸಿಕ್ಕಿತ್ತು, ಅದೂ ನನ್ನ ಬಗ್ಗೆಯೇ. ಅದನ್ನು ಹಿಡಿದುಕೊಂಡೇ ಇಲ್ಲಿ ಬೇರೂರಿದೆ.

ಸೆಂಥಿಲ್ ನಮ್ಮ ಆಸ್ಪತ್ರೆಗೆ ಆಮೇಲೆ ಬಂದ ಡಾಕ್ಟರು, ನನಗಿಂತ ಬಹಳ ಚಿಕ್ಕವನು, ಭದ್ರಾವತಿಯವನು. ಅವನ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಅಲ್ಲೇ ಉಳಿದವರು. ಹಾಗಾಗಿ ವಲಸೆಯ ಕಷ್ಟವೆಲ್ಲ ತಾತ ಪಟ್ಟು ಮುಗಿಸಿದ್ದಾರೆ, ಮೊಮ್ಮಗ ಆರಾಮಾಗಿ ಊರಿನವನಾಗಿದ್ದಾನೆ. ರೋಗಿಯ ಮುಖ ನೋಡಿ ತಮಿಳು, ಕನ್ನಡ, ಬಜಾರಿನ ಉರ್ದು ಅಂತ ಮಾತು ಬದಲಿಸುತ್ತಾನೆ. ಆಸ್ಪತ್ರೆಯವರು ಆ ಕನ್ನಡಕ ತರಿಸಿದಾಗ ಮೊದಲು ನಾನೇ ಹಾಕಿ ನೋಡಿದ್ದೆ. ನನ್ನದು ಮೊದಲೇ ಸೋಡಾಬುಡ್ಡಿ, ಅದರ ಮೇಲೆ ಇದು ಕೂರಲಿಲ್ಲ. ಗೆರೆಗಳು ಎರಡೆರಡಾಗಿ ಕಂಡವು, ತಲೆ ತಿರುಗಿತು. ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ಕನ್ನಡಕದ ಡಾಕ್ಟ್ರಿದಾರಾ?" ಎಂದು ಭದ್ರಾವತಿಯಿಂದ ಬಂದ ಅಜ್ಜಿಯೊಬ್ಬರು ನನ್ನ ಕೋಣೆಗೇ ಬಂದು ಕೇಳಿದರು.

"ನಾನೂ ಹಾಕಿದೀನಲ್ಲ ಅಜ್ಜಿ."

"ಅದಲ್ಲ ಮಾರಾಯ್ತಿ. ಒಳಗಿನ ಮೂಳೆಯೆಲ್ಲ ಕಾಣ್ಸೋದು."

ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಮರ್ಯಾದಸ್ಥ ಮಾತು ಹುಡುಕುವುದಿಲ್ಲ. ಮಾಸ್ಕಿನ ಉಸಿರಿಗೆ ಆ ಗಾಜೆಲ್ಲ ಮಬ್ಬಾಗಲಿ ಅಂತ ಬೇಡಿಕೊಂಡಿದ್ದೇನೆ. ಅವನ ರೋಗಿಗಳ ಎಕ್ಸ್‌ರೇ ತೆಗೆದು ತಪ್ಪು ಹುಡುಕಿದ್ದೇನೆ. ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಊರಿನಿಂದ ಅವ್ವ ಬಂದಳು. ಮೊಣಕಾಲು ಸವೆದು ಕಾಲು ಬಿಲ್ಲಿನಂತಾಗಿತ್ತು, ಬಾಗಿಲ ತನಕ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದಳು. "ನಿನ್ನ ಕೈಲೇ ಆಗ್ಲಿ. ಮಂದಿಗೆಲ್ಲ ಮಾಡ್ತಿ, ನನಗ ಮಾಡಾಕ ಏನ್ ಧಾಡಿ?" ಅಂದಳು. ಹೆತ್ತವರನ್ನು ತಾನೇ ಕೊಯ್ಯಬಾರದು ಎನ್ನುವುದು ನಮ್ಮ ಕಸುಬಿನವರು ಪಾಲಿಸುವ ಮಾತು, ಎಂಥವರ ಅಳತೆಯೂ ತಪ್ಪುತ್ತದೆ. ಸರಿ, ಬೇರೆ ಊರಿನ ಯಾರಾದರೂ ಹಿರಿಯ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ, ಸೆಂಥಿಲ್ ಒಬ್ಬ ಬೇಡ ಅಂದುಕೊಂಡೆ. ಎಕ್ಸ್‌ರೇ ಬಂತು. ಅವ್ವ ಚಿಕ್ಕವಳಿದ್ದಾಗ ಬಂಡಿಯಿಂದ ಬಿದ್ದು ತೊಡೆಮೂಳೆ ಮುರಿದಿತ್ತು, ಅದು ಸೊಟ್ಟಗೇ ಕೂಡಿಕೊಂಡಿತ್ತು. ಮೊಣಕಾಲು ಬದಲಿಸುವಾಗ ನಾವು ತೊಡೆಮೂಳೆಯೊಳಗೆ ಉದ್ದನೆಯ ಸಲಾಕೆ ತೂರಿಸಿ ಅದರ ನೇರಕ್ಕೆ ಕೊಯ್ಯುತ್ತೇವೆ. ಈ ಸೊಟ್ಟ ಮೂಳೆಯೊಳಗೆ ಸಲಾಕೆ ಹೋಗುವುದಿಲ್ಲ. ನೇರ ತಪ್ಪಿದರೆ ಹೊಸ ಮೊಣಕಾಲೂ ಬೇಗ ಸವೆಯುತ್ತದೆ, ಅವ್ವ ಮತ್ತೆ ಗೋಡೆ ಹಿಡಿಯಬೇಕು. ಆ ಕನ್ನಡಕಕ್ಕೆ ಸಲಾಕೆಯೇ ಬೇಡ. ಸೊಂಟದಿಂದ ಹಿಮ್ಮಡಿಯವರೆಗೆ ಹೊರಗಿನಿಂದಲೇ ಗೆರೆ ಎಳೆದು ತೋರಿಸುತ್ತದೆ. ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಅವ್ವನಿಗೆ ಯಾವುದು ಒಳ್ಳೆಯದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮವ್ವಂದು ನೀನು ಮಾಡ್ತೀಯಾ?" ಎಂದು ಸೆಂಥಿಲನನ್ನು ಕೇಳಿದೆ. ಅವನು ಬೀಗಲಿಲ್ಲ. ಬೀಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾಡ್ತೀನಿ ಮೇಡಂ. ನೀವು ಕಾಲು ಹಿಡ್ಕೊಳ್ಳಿ, ಸಾಕು."

ಹಿಡಿದೆ. ಅವ್ವನ ಹಿಮ್ಮಡಿ ನನ್ನ ಅಂಗೈಯಲ್ಲಿತ್ತು. ಅವನು ಮೂಳೆಗೆ ಗುರುತಿನ ಕಡ್ಡಿ ನೆಟ್ಟು, ಅಲ್ಲಲ್ಲಿ ಮುಟ್ಟಿ ಕನ್ನಡಕಕ್ಕೆ ತೋರಿಸಿ, ಗಾಳಿ ಚಿವುಟಿ, ಕೊಯ್ದ. ಒಂದು ಸಲವಾದರೂ "ಸರಿ ಇದೆಯಾ ಮೇಡಂ" ಅಂತಾನೇನೋ ಎಂದು ಕಾದೆ. ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಕೊನೆಗೆ ಕಾಲು ನೀಡಿ ಮಲಗಿಸಿದಾಗ, ನನಗೆ ಬುದ್ಧಿ ಬಂದಾಗಿನಿಂದ ಸೊಟ್ಟಗೇ ನೋಡಿದ್ದ ಕಾಲು ನೆಟ್ಟಗೆ ಮಲಗಿತ್ತು. ಅಳುವಷ್ಟು ಖುಷಿಯಾಯಿತು. ಅಷ್ಟು ಚಂದದ ಕೆಲಸ ನನ್ನದಲ್ಲವಲ್ಲ ಎಂದು ಅಷ್ಟೇ ಸಂಕಟವೂ ಆಯಿತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

ಮರುದಿನ ಅವ್ವ ವಾಕರ್ ಹಿಡಿದು, ಗೋಡೆ ಮುಟ್ಟದೆ ಕಿಟಕಿಯವರೆಗೆ ನಡೆದಳು. ನೋಡಲು ಬಂದ ಸೆಂಥಿಲನ ಎರಡೂ ಕೈ ಹಿಡಿದು, "ನಿನ್ನ ಕೈಗುಣ ಛಲೋ ಐತಿ ನೋಡಪಾ," ಅಂದಳು.

"ನಂದೇನಿಲ್ಲಮ್ಮ, ಎಲ್ಲ ಕನ್ನಡಕದ್ದು."

"ಕನ್ನಡಕಕ್ಕ ಕೈ ಇರ್ತಾವೇನು?" ಎಂದು ಅವ್ವ ನಕ್ಕಳು. ಈ ಊರಿನಲ್ಲಿ ನಾನು ದುಡಿದದ್ದು ಕೈಗುಣ ಎಂಬ ಆ ಒಂದೇ ಮಾತು. ಅದನ್ನು ಹೆತ್ತವಳೇ ಎತ್ತಿ ಅವನಿಗೆ ಕೊಟ್ಟಳು. ನಾನು ಹಾಸಿಗೆಯ ಚಾದರ ಸರಿಮಾಡುತ್ತ ನಿಂತೆ.

ಹೊರಡುವ ದಿನ ಅವ್ವ, "ನಿಮ್ಮೂರು ಛಲೋ ಐತಿ ಬಿಡು," ಅಂದಳು. ಆಸ್ಪತ್ರೆಗೆ ಬಂದರೆ ನರ್ಸು, "ಅಮ್ಮ ನಿಮ್ಮೂರಿಗೆ ಹೋದ್ರಾ ಮೇಡಂ?" ಎಂದಳು. ಎರಡಕ್ಕೂ ಹ್ಞೂಂ ಅಂದೆ.

ಹೋದ ವಾರ ಗಂಗವ್ವನ ಫೋನು. ವಿಜಯಪುರದ ನಮ್ಮ ಓಣಿಯವಳು, ನಾನು ಡಾಕ್ಟರಾದಾಗ ಮನೆಮನೆಗೆ ಸಕ್ಕರೆ ಹಂಚಿ, "ನನ್ನ ಮೊಣಕಾಲು ಇಕಿಗೇ ಕಾದಿಟ್ಟೀನಿ" ಎಂದು ಸಾರಿದ್ದವಳು. "ನಿಮ್ಮವ್ವನ ಕಾಲು ನೋಡಿದ್ನಿ. ನಾನೂ ಬರ್ತೀನವಾ. ಆ ಕನ್ನಡಕದ ಡಾಕ್ಟರ್‌ಗೆ ಹೇಳಿಡು," ಅಂದಳು. ನಿನ್ನ ತೊಡೆಮೂಳೆ ಸೊಟ್ಟಗಿಲ್ಲ ಗಂಗವ್ವ, ನಿನ್ನದನ್ನು ನಾನೇ ಮಾಡಬಲ್ಲೆ ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಟದ್ದು ಬೇರೆಯೇ. "ಬಾ, ನಮ್ಮಲ್ಲಿ ಚಂದ ಮಾಡ್ತಾರ." ಊರವರೊಂದಿಗೆ ಮಾತಾಡುವಾಗ ಶಿವಮೊಗ್ಗಕ್ಕೆ ನಾನು "ನಮ್ಮಲ್ಲಿ" ಅಂದದ್ದು ಅದೇ ಮೊದಲು.

ಗಂಗವ್ವನ ಆಪರೇಷನ್ನಿಗೆ ದಿನ ಬರೆಸಲು ಕೆಳಗಿಳಿದು ಕೌಂಟರಿಗೆ ಹೋದೆ.

"ಯಾವ ಡಾಕ್ಟ್ರ ಹೆಸರಿಗೆ ಹಾಕ್ಲಿ ಮೇಡಂ?" ಎಂದು ಅಲ್ಲಿದ್ದವಳು ಕೇಳಿದಳು.

"ಸೆಂಥಿಲ್ ಹೆಸರಿಗೆ."

"ಪೇಷಂಟು ನಿಮ್ಮೂರವ್ರಾ?"

"ನಮ್ಮೂರವ್ರೇ," ಅಂದೆ. "ಡಾಕ್ಟ್ರೂ ನಮ್ಮೂರವ್ರೇ." ಹೊಟ್ಟೆ ಮಾತ್ರ ಇನ್ನೂ ಉರಿಯುತ್ತಿತ್ತು.