ಅಕ್ಕನ ಮುಖಕ್ಕೊಂದು ಕ್ಯಾಮೆರಾ

ಮೂವತ್ತಮೂರು ವರ್ಷ ಅರಸೀಕೆರೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತವನು ನಾನು. ಕಿಂಡಿಯ ಆಚೆ ನಿಂತವರು ಪ್ಯಾಸೆಂಜರಿಗೆ ಹೋಗಲೋ ಎಕ್ಸ್‌ಪ್ರೆಸ್ಸಿಗೆ ಹೋಗಲೋ ಎಂದು ಬಾಯಿ ಬಿಟ್ಟುಕೊಂಡು ಯೋಚಿಸುತ್ತಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. "ಬೇಗ ಹೇಳ್ರೀ, ಹಿಂದೆ ಕ್ಯೂ ಇದೆ" ಎಂದು ಗದರಿಸದ ದಿನವಿಲ್ಲ. ಅಂಥವನು ನಿವೃತ್ತನಾದ ಮೇಲೆ ಒಂದು ಕ್ಯಾಮೆರಾ ಆರಿಸಲು ಎಂಟು ತಿಂಗಳು ತೆಗೆದುಕೊಂಡೆ. ನಾನು ಕನ್ನಡಕ ಏರಿಸಿ ಫೋನಿನ ಮುಂದೆ ಕೂತರೆ ಸಾಕು, ನನ್ನ ಹೆಂಡತಿ ಅಡುಗೆಮನೆಯಿಂದಲೇ "ಬೇಗ ಹೇಳ್ರೀ, ಹಿಂದೆ ಕ್ಯೂ ಇದೆ" ಎನ್ನುತ್ತಿದ್ದಳು. ಅವಳಿಗೆ ನನ್ನ ಕೆಟ್ಟ ಗುಣಗಳೆಲ್ಲ ಬಾಯಿಪಾಠ.

ಪ್ರಶ್ನೆ ಇಷ್ಟೇ. ಕ್ಯಾಮೆರಾ ಹಿಡಿದೇ ಗೊತ್ತಿಲ್ಲದ ಹೊಸಬನಿಗೆ ಡಿಎಸ್‌ಎಲ್‌ಆರ್ ಒಳ್ಳೆಯದೋ, ಮಿರರ್‌ಲೆಸ್ ಒಳ್ಳೆಯದೋ? ಮದುವೆಮನೆಗಳಲ್ಲಿ ಕತ್ತಿಗೆ ನೇತುಹಾಕಿಕೊಂಡು ಓಡಾಡುತ್ತಾರಲ್ಲ, ಆ ದಪ್ಪ ಕ್ಯಾಮೆರಾ ಡಿಎಸ್‌ಎಲ್‌ಆರ್. ಅದರ ಹೊಟ್ಟೆಯಲ್ಲೊಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಆ ಕನ್ನಡಿ ಟಕ್ ಎಂದು ಎಗರಿ, ಫೋಟೋ ಆದ ಮೇಲೆ ಮತ್ತೆ ತನ್ನ ಜಾಗಕ್ಕೆ ಬೀಳುತ್ತದೆ. ಮಿರರ್‌ಲೆಸ್ಸಿಗೆ ಆ ಕನ್ನಡಿಯೇ ಇಲ್ಲ, ಹಾಗಾಗಿ ಹಗುರ. ಕಣ್ಣಿಟ್ಟು ನೋಡುವ ಕಡೆ ಒಂದು ಚಿಕ್ಕ ಟಿವಿ ಕೂರಿಸಿರುತ್ತಾರೆ. ಫೋಟೋ ಹೇಗೆ ಬರುತ್ತದೆಂದು ಒತ್ತುವ ಮೊದಲೇ ಅದರಲ್ಲಿ ಕಾಣುತ್ತದೆ. ಇಷ್ಟು ತಿಳಿಯಲು ನನಗೆ ಒಂದು ವಾರ ಸಾಕಾಯಿತು. ಉಳಿದ ತಿಂಗಳುಗಳೆಲ್ಲ ವಿಡಿಯೋ ನೋಡಿ ತಲೆ ಕೆಡಿಸಿಕೊಳ್ಳುವುದರಲ್ಲೇ ಹೋದವು. ಒಬ್ಬ ಹುಡುಗ ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎಂದು ಕೈ ತಟ್ಟಿ ಹೇಳಿದ. ಇನ್ನೊಂದು ವಿಡಿಯೋದಲ್ಲಿ ಅದೇ ಹುಡುಗ, ಅದೇ ಅಂಗಿ, ಹೊಸಬರಿಗೆ ಹಳೆಯ ಡಿಎಸ್‌ಎಲ್‌ಆರೇ ಸಾಕು ಎಂದ. ನಾನು ಡೈರಿಯಲ್ಲಿ ಎರಡು ಕಾಲಂ ಗೆರೆ ಹಾಕಿ, ತೂಕದಲ್ಲಿ ಇದು ಮೇಲು, ಬ್ಯಾಟರಿಯಲ್ಲಿ ಅದು ಮೇಲು ಎಂದು ಅಂಕ ಕೊಡುತ್ತಾ ಹೋದೆ. ಕೊನೆಗೆ ಎರಡಕ್ಕೂ ಸಮಸಮ ಬಂತು.

ಫೋಟೋ ತೆಗೆಯುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಕ್ಯಾಮೆರಾ ಬೇಕಾಗಿದ್ದ ಕಾರಣ ಬೇರೆ.

ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಬಾಣಾವರದ ನಮ್ಮ ಮನೆಯ ಗೋಡೆಯ ಮೇಲೆ ತಾತನ ಫೋಟೋ ಇದೆ, ಅಪ್ಪನದು ಎರಡಿವೆ. ಅದರಲ್ಲೊಂದು ಹೊಸದಾಗಿ ತಂದ ಹೋರಿಯ ಪಕ್ಕ ನಿಂತು ತೆಗೆಸಿದ್ದು. ಹೋರಿಗೂ ಫೋಟೋ ಇದೆ, ಅವ್ವನಿಗಿಲ್ಲ. ಯಾರಿಗೂ ತೆಗೆಸಬೇಕು ಅನ್ನಿಸಲಿಲ್ಲ, ಅಷ್ಟೇ. ಹೆತ್ತ ತಾಯಿಯ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕನೇ ನನ್ನನ್ನು ಸಾಕಿದವಳು. ಅವಳನ್ನು ಅದೇ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಿಂದ ಆಮೇಲೂ ನಾನು ಅವಳ ಕೈಯಲ್ಲೇ ಬೆಳೆದೆ. ಚಿಕ್ಕವನಿದ್ದಾಗ ಅವ್ವ ಹೇಗಿದ್ದಳು ಎಂದು ಅವಳನ್ನು ಕೇಳಿದರೆ, "ಅವ್ವ ಅವ್ವನಂಗಿದ್ಲು. ಹೋಗು, ಮುಖ ತೊಳ್ಕಾ" ಎನ್ನುತ್ತಿದ್ದಳು. ಬಿಡಿಸಿ ಹೇಳುವುದು ಅಕ್ಕನಿಗೆ ಬರುವುದಿಲ್ಲ. ಈಗಲೂ ಕೇಳಿದರೆ ಅದೇ ಉತ್ತರ, ಮುಖ ತೊಳೆಯಲು ಮಾತ್ರ ಹೇಳುವುದಿಲ್ಲ.

ಅಕ್ಕನಿಗೀಗ ಎಪ್ಪತ್ತನಾಲ್ಕು. ಬಾಣಾವರದಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ತೆಂಗಿನ ತೋಟ ಎಲ್ಲದರ ಮೇಲೂ ಅಧಿಕಾರ ನಡೆಸಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಅವಳು ನಕ್ಕರೆ ತೊಡೆ ತಟ್ಟಿಕೊಂಡು, ಮೂರು ಮನೆ ಆಚೆಗೆ ಕೇಳುವ ಹಾಗೆ ನಗುತ್ತಾಳೆ. ಆದರೆ ಫೋಟೋದಲ್ಲಿ ಅವಳು ಅವಳಲ್ಲ. ಯಾವ ಫೋಟೋ ತೆಗೆದು ನೋಡಿ, ಪೊಲೀಸರು ಹಿಡಿದು ನಿಲ್ಲಿಸಿದವರ ಹಾಗೆ ಕತ್ತು ಸೆಟೆದು, ಕಣ್ಣು ಅಗಲಿಸಿ, ಉಸಿರು ಬಿಗಿಹಿಡಿದಿರುತ್ತಾಳೆ. ಹೋದ ವರ್ಷ ಮಾಲೇಕಲ್ಲು ಬೆಟ್ಟದ ಮೆಟ್ಟಿಲ ಮೇಲೆ ಕೂರಿಸಿ ಫೋನಿನಲ್ಲಿ ಹನ್ನೊಂದು ಫೋಟೋ ತೆಗೆದೆ. ಹನ್ನೊಂದರಲ್ಲೂ ಬಾಯಿ ತೆರೆದಿತ್ತು. ಅವಳು "ಆಯ್ತಾ?" ಎಂದು ಕೇಳುವುದಕ್ಕೂ ನಾನು ಒತ್ತುವುದಕ್ಕೂ ಸರಿಹೋಗುತ್ತಿತ್ತು. ಮನೆಗೆ ಬಂದು ಆ ಫೋಟೋಗಳನ್ನು ನೋಡುತ್ತಾ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವ್ವನ ಹಾಗೆ ಅಕ್ಕನೂ ಮುಖವಿಲ್ಲದೆ ಹೋಗಿಬಿಟ್ಟರೆ? ಅವಳು ನಗುವ ಒಂದೇ ಒಂದು ಫೋಟೋ ನನಗೆ ಬೇಕು. ತಪ್ಪು ಫೋನಿನದು, ಒಳ್ಳೆಯ ಕ್ಯಾಮೆರಾ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತೀರ್ಮಾನಿಸಿದ್ದು ಆಗಲೇ.

ಅರಸೀಕೆರೆಯ ಸ್ಟುಡಿಯೋದವರು ನನಗೆ ಹಳೆಯ ಪರಿಚಯ. ಆಷಾಢ ಬಂತು. ಮದುವೆಗಳಿಲ್ಲದೆ ಅವರ ಕ್ಯಾಮೆರಾಗಳೆಲ್ಲ ಬೀರುವಿನಲ್ಲಿ ಮಲಗಿದ್ದವು. ಅವರ ಹತ್ತಿರ ಎರಡೂ ಬಗೆಯವು ಇದ್ದವು; ಹಳೆಯ ಡಿಎಸ್‌ಎಲ್‌ಆರ್ ಬೇಕಾದರೆ ಮಾರುತ್ತೇನೆ, ಮಿರರ್‌ಲೆಸ್ ಬೇಕಾದರೆ ಅಂಥದೇ ಹೊಸದು ತರಿಸಿಕೊಡುತ್ತೇನೆ ಎಂದಿದ್ದರು. ನಾನು ದಿನವೂ ಹೋಗಿ ಅದೇ ಪ್ರಶ್ನೆ ಕೇಳುತ್ತಿದ್ದೆ.

"ಸಾರ್, ನೀವು ಹಿಂಗೇ ಕೇಳ್ತಿದ್ರೆ ನನಗೆ ಕಸುಬಿನ ಮೇಲೇ ಬೇಜಾರು ಬಂದ್ಬಿಡುತ್ತೆ" ಎಂದರು ಒಂದು ದಿನ. "ಎರಡನ್ನೂ ತಗೊಂಡ್ಹೋಗಿ, ಒಂದಿನ ಎಲ್ಲಾದ್ರೂ ತಿರುಗಾಡ್ಕೊಂಡು ಬನ್ನಿ. ಯಾವುದನ್ನ ವಾಪಸ್ ಕೊಡೋಕೆ ಮನಸ್ಸು ಬರಲ್ವೋ ಅದು ನಿಮ್ಮದು."

ಅಕ್ಕನಿಗೆ ಫೋನ್ ಮಾಡಿ, ಹಳೇಬೀಡು ಬೇಲೂರಿಗೆ ಹೋಗೋಣ ಬಾ ಎಂದೆ. ಫೋಟೋ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಹಿಂದಿನ ದಿನದಿಂದಲೇ ಸೆಟೆದುಕೊಳ್ಳುತ್ತಿದ್ದಳು.

ಬೆಳಿಗ್ಗೆ ಬಸ್ಸಿನಲ್ಲಿ ಹೆಂಡತಿ ಮತ್ತು ಅಕ್ಕ ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡರು. ಕಂಡಕ್ಟರ್ ಅಕ್ಕನ ಕಾರ್ಡನ್ನೂ ಅಕ್ಕನನ್ನೂ ಎರಡು ಸಲ ನೋಡಿ, "ಅಜ್ಜಿ, ಇದು ನೀವೇನಾ?" ಎಂದ.

"ನಾನೇ ಕಣಪ್ಪ. ತೆಗೆದೋನು ಅಲ್ಲಾಡಬ್ಯಾಡ ಅಂದಿದ್ದ. ಅದ್ಕೇ ಹಂಗೈತೆ" ಎಂದಳು ಅಕ್ಕ. ಕಂಡಕ್ಟರ್ ನಕ್ಕ, ಅಕ್ಕನೂ ನಕ್ಕಳು. ಆ ನಗು ನನ್ನ ಕಣ್ಣೆದುರೇ ವ್ಯರ್ಥವಾಗಿ ಹೋಯಿತು. ಎರಡು ಕ್ಯಾಮೆರಾಗಳೂ ಚೀಲದಲ್ಲಿ ಟವೆಲ್ಲು ಸುತ್ತಿಕೊಂಡು ಕೂತಿದ್ದವು.

ಹಳೇಬೀಡಿನಲ್ಲಿ ಇಳಿದಾಗ ಮೋಡ ಕವಿದಿತ್ತು. ನಾನು ಮಿರರ್‌ಲೆಸ್ ತೆಗೆದೆ. ಸುಳ್ಳು ಯಾಕೆ ಹೇಳಲಿ, ಮೊದಲ ಅರ್ಧ ಗಂಟೆಯಲ್ಲೇ ನಾನು ಅದಕ್ಕೆ ಮನಸೋತೆ. ಅಂಗೈಯಲ್ಲಿ ಹಗುರವಾಗಿ ಕೂತಿತು. ಬೆಳಕು ಹೆಚ್ಚು ಮಾಡಿದರೆ ಕಣ್ಣಿನ ಮುಂದೆಯೇ ಹೆಚ್ಚಾಗಿ ಕಾಣುತ್ತಿತ್ತು. ನಂದಿಯನ್ನು ತೆಗೆದೆ, ಗೋಡೆಯ ಕೆಳಸಾಲಿನ ಆನೆಗಳನ್ನು ತೆಗೆದೆ, ಒಂದೂ ಕೆಡಲಿಲ್ಲ. ಡೈರಿಯ ಎರಡನೆಯ ಕಾಲಮ್ಮನ್ನು ಮನಸ್ಸಿನಲ್ಲೇ ಹೊಡೆದುಹಾಕಿ, ಅಕ್ಕನನ್ನು ಆ ಆನೆಗಳ ಮುಂದೆ ನಿಲ್ಲಿಸಿದೆ.

ಅಕ್ಕ ಸೆರಗು ಸರಿಮಾಡಿಕೊಂಡು ಸೆಟೆದಳು. ನಾನು ಒತ್ತಿದೆ. ಅಕ್ಕ ಅಲ್ಲಾಡಲಿಲ್ಲ. ಇನ್ನೊಂದು ಸಲ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಅವಳ ಹಿಂದೆ ಆನೆಗಳ ಮೇಲಿದ್ದ ಕಲ್ಲಿನ ಸವಾರರಿಗೆ ಅವಳಿಗಿಂತ ಹೆಚ್ಚು ಜೀವವಿತ್ತು. ಕೊನೆಗೆ ಉಸಿರು ತಡೆಯಲಾರದೆ "ಆಯ್ತೇನೋ?" ಎಂದಳು.

"ಇಪ್ಪತ್ತು ಆಯ್ತಕ್ಕ."

"ಸದ್ದೇ ಬರ್ಲಿಲ್ವಲ್ಲೋ" ಎಂದಳು ಅಕ್ಕ. ಮುಖದಲ್ಲಿ ಸಿಟ್ಟಿತ್ತು.

ಕೆರೆಯ ಕಡೆಗೆ ಹೋಗಿ ಕೂತು, ಹೆಂಡತಿ ಕಟ್ಟಿ ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಸದ್ದು ಯಾಕಕ್ಕ ಬೇಕು ಎಂದು ಕೇಳಿದೆ. ಅರವತ್ತೆರಡು ವರ್ಷ ಒಡನಾಡಿದ ಅಕ್ಕನ ಬಾಯಿಂದ ನಾನು ಕೇಳಿರದ ಕಥೆ ಆಗ ಹೊರಬಿತ್ತು. ಅವಳಿಗೆ ಹದಿನಾರು ವರ್ಷ, ಮದುವೆಯಾದ ಹೊಸತು. ಅತ್ತೆ ಮನೆಯವರು ಗಂಡ ಹೆಂಡತಿ ಇಬ್ಬರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರಂತೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದ ಫೋಟೋದವನು, ಟಕ್ ಎನ್ನುವವರೆಗೂ ಅಲ್ಲಾಡಬೇಡಮ್ಮ ಎಂದನಂತೆ.

"ಬಟ್ಟೆ ಹಿಂದ್ಗಡೆ ಬರೀ ಕುಂಡಿ ಎದ್ದು ಕಾಣ್ತಿತ್ತು. ನನಗೆ ನಗು ಬಂದ್ಬಿಡ್ತು ಕಣೋ" ಎಂದಳು ಅಕ್ಕ. "ಫೋಟೋ ಬಂದ್ಮೇಲೆ ನೋಡಿದ್ರೆ ನಿಮ್ಮ ಭಾವ ಚೆನ್ನಾಗವ್ರೆ, ನನ್ನ ಮುಖ ಕಲಸಿದ ಹಿಟ್ಟು. ನಮ್ಮತ್ತೆ ಸಾಯೋಗಂಟ ಬಂದೋರಿಗೆಲ್ಲ ತೋರಿಸಿ, ನಮ್ಮ ಸೊಸೆಗೆ ಮುಖಾನೇ ಇಲ್ಲ ಅಂತಿದ್ರು. ಅವತ್ತಿಂದ ಟಕ್ ಅನ್ನೋಗಂಟ ನಾನು ಉಸಿರು ಬಿಡಾಕಿಲ್ಲ."

ಹೆಂಡತಿ ನನ್ನ ಕಡೆ ತಿರುಗಿ, "ಎಂಟು ತಿಂಗಳು ವಿಡಿಯೋ ನೋಡೋ ಬದಲು ಇವರನ್ನ ಒಂದು ಮಾತು ಕೇಳಬಾರದಾಗಿತ್ತಾ?" ಎಂದಳು. ನಾನು ಚಿತ್ರಾನ್ನ ತಿಂದೆ. ಫೋನಿನ ಸದ್ದನ್ನು ನಾನೇ ಬಂದ್ ಮಾಡಿ ಇಟ್ಟಿರುತ್ತೇನೆ. ಮಿರರ್‌ಲೆಸ್ಸಿಗೂ ಸದ್ದು ಬರುವ ಹಾಗೆ ಮಾಡಬಹುದು, ಧಾರೆಯ ಹೊತ್ತಿನಲ್ಲಿ ಮಂತ್ರಕ್ಕೆ ಅಡ್ಡಿಯಾಗದಿರಲೆಂದು ಸ್ಟುಡಿಯೋದವರು ಅದನ್ನು ಬಂದ್ ಮಾಡಿದ್ದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಸದ್ದು ಎಲ್ಲಾದರೂ ಅಡಗಿದೆಯೇನೋ ಎಂದು ಬೇಲೂರಿನ ಬಸ್ಸಿನಲ್ಲಿ ಅದರ ಮೆನು ಬಿಚ್ಚಿಕೊಂಡು ಕೂತೆ. ಯಾವುದೋ ಗುಂಡಿ ಒತ್ತಿದೆ, ಕಾಣುವುದೆಲ್ಲ ಕಪ್ಪು ಬಿಳುಪಾಯಿತು. ಅದನ್ನು ಸರಿಪಡಿಸಲು ಇನ್ನೊಂದು ಒತ್ತಿದೆ, ಬೇಲೂರು ಬರುವ ಮೊದಲೇ ಬ್ಯಾಟರಿ ಕೈಕೊಟ್ಟಿತು.

ಬೇಲೂರಿನ ದೇವಸ್ಥಾನದ ಅಂಗಳಕ್ಕೆ ಆಗಷ್ಟೇ ಒಂದು ಹದ ಮಳೆ ಬಿದ್ದು ನಿಂತಿತ್ತು. ಬರಿಗಾಲಿಗೆ ಕಲ್ಲು ತಣ್ಣಗೆ ಹತ್ತುತ್ತಿತ್ತು. ದರ್ಶನ ಮುಗಿಸಿ ಬಂದು ಅಕ್ಕ ಜಗತಿಯ ಕಲ್ಲುಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಹೆಂಡತಿ ಅವಳ ಪಕ್ಕ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ನಾನು ಟವೆಲ್ಲು ಬಿಚ್ಚಿ ಡಿಎಸ್‌ಎಲ್‌ಆರ್ ಹೊರತೆಗೆದೆ. ಬೆಳಿಗ್ಗೆಯ ಹಗುರದ ಮುಂದೆ ಅದು ಅರ್ಧ ಇಟ್ಟಿಗೆ. ಕಿಂಡಿಗೆ ಕಣ್ಣಿಟ್ಟರೆ ಟಿವಿ ಗಿವಿ ಏನಿಲ್ಲ, ಅಕ್ಕ ಇದ್ದ ಹಾಗೇ ಕಂಡಳು. ಕನ್ನಡಕ ಅಡ್ಡ ಬರುತ್ತಿತ್ತು, ಹಣೆಗೆ ಏರಿಸಿದೆ.

"ಅಕ್ಕ, ಇದು ಟಕ್ ಅನ್ನುತ್ತೆ."

"ಅನ್ಲಿ ನೋಡಾನ" ಎಂದು ಅಕ್ಕ ಸೆಟೆದಳು.

ಟಕ್ ಎಂದಿತು. ಅಂಗಳದಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡುವಷ್ಟು ಚೆನ್ನಾಗಿಯೇ ಅಂದಿತು. ಅಕ್ಕ ಉಸ್ಸೆಂದು ಉಸಿರು ಬಿಟ್ಟಳು, ಭುಜ ಕೆಳಗಿಳಿಯಿತು. ಅವಳ ಪಾಲಿನ ಕೆಲಸ ಮುಗಿದಿತ್ತು. ಆದರೆ ನನಗೆ ಗುಂಡಿಯಿಂದ ಬೆರಳು ಎತ್ತಬೇಕೆಂದು ಹೊಳೆಯಲಿಲ್ಲ. ಒತ್ತಿ ಹಿಡಿದರೆ ಸಾಲಾಗಿ ತೆಗೆಯುವಂತೆ ಸ್ಟುಡಿಯೋದವರು ಅದನ್ನು ಇಟ್ಟಿದ್ದರು. ಅದು ಟಕಟಕಟಕ ಎಂದು ಹೊಡೆದುಕೊಳ್ಳತೊಡಗಿತು. ನಾನು ಗಾಬರಿಯಾಗಿ ಇನ್ನೂ ಬಿಗಿಯಾಗಿ ಒತ್ತಿದೆ.

"ಏನೋ ಅದು, ರಾಗಿ ಮಿಷನ್ನು ಆಡ್ದಂಗೆ ಆಡ್ತೈತೆ" ಎಂದಳು ಅಕ್ಕ. ಹಣೆಯ ಮೇಲೆ ಕನ್ನಡಕ, ಒಂದು ಕಣ್ಣು ಮುಚ್ಚಿ ಬಾಯಿ ಸೊಟ್ಟಗೆ ಮಾಡಿಕೊಂಡು ನಿಂತಿದ್ದ ನನ್ನನ್ನು ನೋಡಿ ತೊಡೆ ತಟ್ಟಿಕೊಂಡು ನಗತೊಡಗಿದಳು.

ಹಿಂದಿನ ಪರದೆಯಲ್ಲಿ ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಮೊದಲನೆಯದು ಆಧಾರ್ ಕಾರ್ಡೇ. ಎರಡನೆಯದರಲ್ಲಿ ಕಣ್ಣು ಮುಚ್ಚಿತ್ತು. ಆರನೆಯದರಲ್ಲಿ ಅಕ್ಕ ನಗುತ್ತಿದ್ದಳು. ತಲೆ ಒಂದಿಷ್ಟು ಹಿಂದಕ್ಕೆ ವಾಲಿತ್ತು, ಕಣ್ಣು ಗೆರೆಯಷ್ಟಾಗಿತ್ತು, ಎಡಗಡೆಯ ಕೆನ್ನೆಯಲ್ಲಿ ಒಂದು ಗುಳಿ ಬಿದ್ದಿತ್ತು. ಇಷ್ಟು ವರ್ಷ ನೋಡಿದ ಮುಖದಲ್ಲಿ ಆ ಗುಳಿಯನ್ನು ನಾನು ಗಮನಿಸಿರಲೇ ಇಲ್ಲ. ಯಾವ ಕ್ಯಾಮೆರಾ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಓಡಿಹೋಗಿ ಕ್ಯಾಮೆರಾವನ್ನು ಅಕ್ಕನ ಮಡಿಲಲ್ಲಿ ಇಟ್ಟೆ.

ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡಳು. ಪರದೆಯನ್ನು ಹತ್ತಿರ ತಂದಳು, ದೂರ ಹಿಡಿದಳು, ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಇನ್ನೇನು ಬೈಯುತ್ತಾಳೆ, ಹಲ್ಲು ಕಾಣ್ತಾವೆ ಅಳಿಸು ಎನ್ನುತ್ತಾಳೆ ಎಂದು ನಾನು ಕಾದೆ.

"ಯಾಕಕ್ಕ, ಚೆನ್ನಾಗಿ ಬಂದಿಲ್ವಾ?" ಎಂದಳು ಹೆಂಡತಿ.

"ಇದು ನಾನಲ್ಲ ಕಣೇ" ಎಂದಳು ಅಕ್ಕ. ಆಮೇಲೆ ನನ್ನ ಮುಖ ನೋಡಿದಳು. "ಇದು ಅವ್ವ ಕಣೋ. ಅವಳು ನಕ್ಕರೆ ಹಿಂಗೇ ಇದ್ಲು. ನನಗೇ ಮರ್ತೋಗಿತ್ತು."

ಅಕ್ಕನ ಪಕ್ಕ ಕೂತು ನೋಡಿದೆ. ಎಪ್ಪತ್ತನಾಲ್ಕು ವರ್ಷದ ಹೆಂಗಸೊಬ್ಬಳು ಬೇಲೂರಿನ ಕಲ್ಲಿನ ಮೇಲೆ ಕೂತು ನಗುತ್ತಿದ್ದಳು. ಅವ್ವ ಅಷ್ಟು ವಯಸ್ಸು ಕಂಡವಳೇ ಅಲ್ಲ. ಆದರೂ ಆ ಗುಳಿ, ಆ ಕಣ್ಣು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ನನ್ನ ತಾಯಿಯನ್ನು ಮೊದಲ ಸಲ ನೋಡುತ್ತಿದ್ದೆ, ಅಳು ತಡೆಯಲಾಗಲಿಲ್ಲ. ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಅಕ್ಕ ಬಹಳ ಹೊತ್ತು ಕ್ಯಾಮೆರಾ ಕೊಡಲಿಲ್ಲ. ಕೊಟ್ಟ ಮೇಲೆ ಸೆರಗು ಸರಿಮಾಡಿಕೊಂಡು, "ಇನ್ನೊಂದ್ ಸತಿ ತೆಗಿಯೋ, ಅವಳು ಬತ್ತಾಳೇನೋ ನೋಡಾನ" ಎಂದಳು. ಕಿಂಡಿಗೆ ಕಣ್ಣಿಟ್ಟೆ. ನೀರು ತುಂಬಿ ಏನೇನೂ ಕಾಣಲಿಲ್ಲ. ಅಕ್ಕ ಕೂತಿದ್ದ ಕಡೆಗೆ ಅಂದಾಜಿನ ಮೇಲೆ ಹಿಡಿದು, ಬೆರಳು ಎತ್ತದೆ ಒತ್ತಿದೆ.