ಶಿವಪ್ಪ ಮಾಸ್ತರರ ಹಾಡುವ ಟ್ರಂಕು

ಇವತ್ತು ಸಂಜೆ ಓಣಿಯ ಆ ತುದಿಯಲ್ಲಿ ಬ್ಯಾಂಡಿನ ಸದ್ದು ಕೇಳಿಸಿತು. ಯಾರದೋ ಮದುವೆಯ ಮೆರವಣಿಗೆ ನಮ್ಮ ಮನೆಯ ಕಡೆಗೇ ಬರುತ್ತಿತ್ತು. ನನ್ನ ಹೆಂಡತಿ ತೀರಿಕೊಂಡು ಒಂಬತ್ತು ದಿನ. ಸಾವಾದ ಮನೆಯ ಮುಂದೆ ಬ್ಯಾಂಡಿನವರು ವಾದ್ಯ ನಿಲ್ಲಿಸಿ ದಾಟುವುದು ನಮ್ಮ ಸೊಲ್ಲಾಪುರದ ಹಳೆಯ ರೂಢಿ. ಆ ರೂಢಿಯನ್ನು ಕೆಡಿಸಿದವರು ಬ್ಯಾಂಡಿನ ಶಿವಪ್ಪ ಮಾಸ್ತರರು, ಅದೂ ನನ್ನ ಮದುವೆಯಲ್ಲಿ.

ನೀವು ಅವರನ್ನೊಮ್ಮೆ ನೋಡಬೇಕಿತ್ತು. ಕೆಂಪು ಕೋಟು, ಅದರ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಬೆಸುಗೆ ಹಾಕುವ ಕಡ್ಡಿ. ಉಳಿದವರೆಲ್ಲ ಕ್ಲಾರಿನೆಟ್ ಊದುತ್ತಿದ್ದ ಕಾಲದಲ್ಲಿ ಈ ಪುಣ್ಯಾತ್ಮ ಕೆಟ್ಟ ರೇಡಿಯೋಗಳ ಹೊಟ್ಟೆ ಬಗೆದು, ಒಳಗಿನದನ್ನೆಲ್ಲ ಕಬ್ಬಿಣದ ಟ್ರಂಕಿನಲ್ಲಿ ಜೋಡಿಸಿ, ಮೇಲೆ ಹಾರ್ಮೋನಿಯಂನ ಬೆರಳೊತ್ತುವ ಮನೆಗಳನ್ನು ಕೂರಿಸಿ, ಟ್ರ್ಯಾಕ್ಟರ್ ಬ್ಯಾಟರಿಗೆ ತಂತಿ ಕೊಟ್ಟು ಕೈಗಾಡಿಯ ಮೇಲೆ ಹೊರಡಿಸಿದ್ದರು. ಊದದೆ ಬಾರಿಸದೆ ಅದು ಹಾಡುತ್ತಿತ್ತು! ಬಿಸಿಯಾದರೆ ಮಾತ್ರ ಸ್ವರ ಜಾರುತ್ತಿತ್ತು. “ಪೆಟಗಿಗಿ ಗಾಳಿ ಹಾಕ್ರಿ” ಎಂದು ಬೀಗರ ಕೈಗೇ ಬೀಸಣಿಗೆ ಕೊಡುತ್ತಿದ್ದರು. ನಮ್ಮ ಚಾದರದ ಅಂಗಡಿಯಲ್ಲಿ ಕೂತು ನಾನು ಅವರನ್ನು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅಪ್ಪ ನನ್ನ ಮದುವೆಗೆ ಅವರನ್ನೇ ಗೊತ್ತು ಮಾಡಿದ.

ಅಕ್ಕಲಕೋಟೆಯಲ್ಲಿ ಅಕ್ಷತೆ ಮುಗಿಸಿ, ಹೆಣ್ಣನ್ನು ಕರೆದುಕೊಂಡು ನಮ್ಮ ಓಣಿಗೆ ಬಂದೆವು. ಅಲ್ಲಿ ನೆರೆಯ ಗಂಗವ್ವನ ಗಂಡ ತೀರಿಕೊಂಡು ವಾರವಾಗಿತ್ತು. ಅವಳ ಮನೆ ಬರುತ್ತಲೇ ಮಾಸ್ತರರು ಕೈಯೆತ್ತಿದರು. ಎಲ್ಲ ವಾದ್ಯಗಳೂ ನಿಂತವು, ಟ್ರಂಕು ನಿಲ್ಲಲಿಲ್ಲ. ಊಂ ಎಂದು ಒಂದೇ ಕೆಳಗಿನ ಸ್ವರ ಹಿಡಿದು ಹಟ ಮಾಡಿತು. ಮಾಸ್ತರರು ಬಟನ್ ಒತ್ತಿದರು, ಗುದ್ದಿದರು, ಕಡೆಗೆ ತಂತಿಗೇ ಕೈಹಾಕಿದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಂಗವ್ವ ಹೊಸ್ತಿಲಿಗೆ ಬಂದಳು. “ಬಂದ್ ಮಾಡಬ್ಯಾಡ್ರಿ ಮಾಸ್ತರ. ವಾರ ಆತು, ನಮ್ಮ ಬಾಗಲ ಮುಂದ ಎಲ್ಲಾರೂ ಬಾಯಿ ಮುಚಗೊಂಡ ಹೊಂಟಾರ. ಅದೊಂದಾದ್ರೂ ಮಾತಾಡಾಕತ್ತೈತಿ. ಮಾತಾಡ್ಲಿ.”

ಮಾಸ್ತರರು ಟೋಪಿ ತೆಗೆದು ನಿಂತರು. ಆಗ ನನ್ನ ಹೊಸ ಹೆಂಡತಿ ಜೀಪಿನಿಂದಿಳಿದು, ಬೀಸಣಿಗೆ ಇಸಿದುಕೊಂಡು, ಬಾಸಿಂಗ ಕಟ್ಟಿದ ತಲೆ ಬಾಗಿಸಿ ಟ್ರಂಕಿಗೆ ಗಾಳಿ ಹಾಕತೊಡಗಿದಳು.

“ನಿಮಗಿಂತ ಆ ಪೆಟಗಿ ಚಲೋ ನೋಡ್ರಿ, ಒಳಗಿಂದು ಹೊರಗಾದ್ರೂ ಹಾಕತದ” ಎಂದು ಆಮೇಲೆ ಜೀವಮಾನವಿಡೀ ಕಾಡಿದಳು. ಸುಳ್ಳೇನಲ್ಲ. ಅವಳು ಹೋದಾಗಿನಿಂದ ನಾನು ಅತ್ತಿರಲಿಲ್ಲ, ಒಂದು ಮಾತೂ ಆಡಿರಲಿಲ್ಲ. ಮಗನಿಗೆ ದಿಗಿಲು ಹತ್ತಿತ್ತು.

ಮಾಸ್ತರರು ಆ ದೋಷವನ್ನು ರಿಪೇರಿ ಮಾಡಲಿಲ್ಲ, ಅದಕ್ಕೇ ಬೇರೊಂದು ಬಟನ್ ಇಟ್ಟರು. ನೋಡನೋಡುತ್ತ ಸುತ್ತಲಿನ ಬೋರಾಮಣಿ, ಚಪಳಗಾಂವದ ಬ್ಯಾಂಡಿನವರೂ ಸಾವಾದ ಮನೆಯ ಮುಂದೆ ಆ ಒಂದೇ ಸ್ವರ ಹಿಡಿಯುವುದನ್ನು ಕಲಿತರು. ಈಗ ಮಾಸ್ತರರಿಲ್ಲ, ಟ್ರಂಕಿಲ್ಲ. ಎಲ್ಲರ ಹತ್ತಿರವೂ ಅಂಗಡಿಯ ಕೀಬೋರ್ಡು. ಮಾಸ್ತರರ ಹೆಸರು ಹೇಳಿದರೆ ಯಾರೆಂದು ಕೇಳುತ್ತಾರೆ.

ಬ್ಯಾಂಡು ನಮ್ಮ ಬಾಗಿಲಿಗೆ ಬಂದು ನಿಂತಿತು. ಡೋಲು ನಿಂತಿತು. ಕೀಬೋರ್ಡಿನವನು ಒಂದು ಬೆರಳನ್ನು ಮಾತ್ರ ಎತ್ತಲಿಲ್ಲ. ಊಂ! ನನಗೆ ನೋವಾದೀತೆಂದು ಮಗ ಧಡಕ್ಕನೆ ಎದ್ದ. “ಅಹೋ ಭಾವೂ, ಬಂದ್ ಕರಾ!” ಎಂದು ನಿಲ್ಲಿಸಲು ಮರಾಠಿಯಲ್ಲಿ ಕೂಗಿದ.

“ಬ್ಯಾಡೋ. ಇರಲಿ.” ಒಂಬತ್ತು ದಿನದ ಮೇಲೆ ಹೊರಟ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳ ಹಾಸಿಗೆಯ ಪಕ್ಕದ ಬೀಸಣಿಗೆ ತೆಗೆದುಕೊಂಡು ಬೀದಿಗಿಳಿದೆ, ಗಾಳಿ ಹಾಕತೊಡಗಿದೆ.

“ಕಾಕಾ, ಇದು ಬಿಸಿ ಆಗೂದಿಲ್ರಿ” ಎಂದ ಕೀಬೋರ್ಡಿನವನು.

“ಗೊತ್ತೈತೋ” ಎಂದೆ. ಕಣ್ಣೀರು ಗದ್ದದಿಂದ ಇಳಿಯುತ್ತಿತ್ತು. ಕೈ ನಿಲ್ಲಿಸಲಿಲ್ಲ.