ರಾಯಲೇದು ಅಂದರೆ

ನನ್ನ ಕೆಲಸ ಏನೆಂದು ದಾವಣಗೆರೆಯ ನಮ್ಮ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೋಡಿಂಗ್ ಅಂದ ಕೂಡಲೇ ಕೆಟ್ಟುಹೋದ ಲ್ಯಾಪ್‌ಟಾಪ್ ತಂದು ಮುಂದಿಡುತ್ತಾರೆ. ನಾನು ಮಾಡುವುದು ಮೆಡಿಕಲ್ ಕೋಡಿಂಗ್. ವಿಶಾಖಪಟ್ಟಣದ ಆಫೀಸಿನಲ್ಲಿ ಕೂತು, ಅಮೆರಿಕದ ವೈದ್ಯರು ಬರೆದ ಟಿಪ್ಪಣಿ ಓದಿ, ಒಂದೊಂದು ತೊಂದರೆಗೂ ಅದರದೇ ಸಂಖ್ಯೆ ಹಚ್ಚುವುದು. ಹೊರರೋಗಿಗಳ ಕಾಗದಕ್ಕೆ ನಿಯಮ ಕಟ್ಟುನಿಟ್ಟು: ವೈದ್ಯರು ‘ಇದೆ’ ಎಂದು ಬರೆದರೆ ಮಾತ್ರ ಆ ಸಂಖ್ಯೆ ಹಾಕಬೇಕು, ‘ಇರಬಹುದು’ ಎಂದರೆ ಹಾಕುವಂತಿಲ್ಲ. ಅನುಮಾನ ಬಂದರೆ ಅವರನ್ನೇ ಕೇಳಬಹುದು, ಆದರೆ ಉತ್ತರವನ್ನು ಅವರ ಬಾಯಿಗೆ ತುರುಕುವ ಹಾಗೆ ಕೇಳಬಾರದು. ವರ್ಷಗಟ್ಟಲೆ ಇದನ್ನೇ ಮಾಡಿ, ಪ್ರತಿ ಮಾತನ್ನೂ ಹಿಂಜಿ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಇದಕ್ಕೂ ಒಂದು ಸಂಖ್ಯೆ ಹುಡುಕಿಕೋ ಎಂದು ನನ್ನ ಗಂಡ ಕಾಲೆಳೆಯುತ್ತಾರೆ.

ಇಂಥ ಜಾಣೆ ನಾನು, ಮಗಳ ಶಾಲೆಯ ಡೈರಿಯಲ್ಲಿದ್ದ ಒಂದೇ ಒಂದು ಪದವನ್ನು ಹೆಚ್ಚುಕಡಿಮೆ ಒಂದು ವರ್ಷ ತಪ್ಪಾಗಿ ಓದಿದೆ.

ಅವಳಿಗೆ ಆಗ ಹತ್ತು ವರ್ಷ, ಐದನೇ ಕ್ಲಾಸು. ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳಷ್ಟು ಚೆನ್ನಾಗಿ ಕಥೆ ಹೇಳುವ ಮಗು ಇನ್ನೊಂದಿರಲಿಲ್ಲ. ಬರೆಯಲು ಕೂತರೆ ಮಾತ್ರ ಕಾಗೆಕಾಲು ಗುಬ್ಬಿಕಾಲು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಹತ್ತುತ್ತಿದ್ದವು, ಒಂದೇ ಪದ ಒಂದೇ ಪುಟದಲ್ಲಿ ಮೂರು ಥರ ಇರುತ್ತಿತ್ತು. ಚಿಕ್ಕಂದಿನಲ್ಲಿ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು ಎಂಬ ಜಂಬ ಬೇರೆ ನನಗೆ. ಇದು ಬರೀ ಮೈಗಳ್ಳತನ ಎಂದು ತೀರ್ಮಾನಿಸಿ ಪ್ರತಿ ಭಾನುವಾರ ಹತ್ತು ಪುಟ ಕಾಪಿ ಬರೆಸುತ್ತಿದ್ದೆ. ಅವಳು ನಡುನಡುವೆ ಬೆರಳು ನೀವಿಕೊಳ್ಳುತ್ತಿದ್ದಳು. ನಾಟಕ ಸಾಕು ಎನ್ನುತ್ತಿದ್ದೆ.

ಡೈರಿಯಲ್ಲಿ ಅವಳ ಟೀಚರ್ ತೆಲುಗಿನಲ್ಲಿ ಬರೆಯುತ್ತಿದ್ದರು. ಲಿಪಿ ನಮ್ಮದಕ್ಕೆ ಹತ್ತಿರ, ತಡವರಿಸಿಕೊಂಡು ಓದಿಬಿಡುತ್ತಿದ್ದೆ. ತಿಂಗಳಿಗೆ ಎರಡು ಸಲವಾದರೂ ಅದೇ ಸಾಲು: ‘ಪಾಪ ಅನ್ನೀ ಚೆಬುತುಂದಿ, ರಾಯಲೇದು.’ ‘ಲೇದು’ ಅಂದರೆ ‘ಇಲ್ಲ’, ಅಷ್ಟನ್ನು ಈ ಊರಿಗೆ ಬಂದ ಮೊದಲ ವಾರದಲ್ಲೇ ಕಲಿತಿದ್ದೆ. ಮಗು ಎಲ್ಲ ಹೇಳುತ್ತಾಳೆ, ಬರೆದಿಲ್ಲ. ಕೆಳಗೆ ಸಹಿ ಹಾಕಿ, ಯಾಕೆ ಬರೆದಿಲ್ಲ ಎಂದು ಅವಳನ್ನು ಬೈಯುತ್ತಿದ್ದೆ. ಬರಬರುತ್ತಾ ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಒಂದು ದಿನ ಚೀಲಕ್ಕೆ ಪುಸ್ತಕ ತುಂಬುತ್ತಾ, ತನಗೆ ಬುದ್ಧಿಯೇ ಇಲ್ಲ ಎಂದು ಸಲೀಸಾಗಿ ಹೇಳಿದಳು. ನನಗೆ ಹೆದರಿಕೆಯಾಯಿತು.

ಪೋಷಕರ ಸಭೆಯ ದಿನ ನನ್ನ ಹರಕು ತೆಲುಗಿನಲ್ಲಿ ಟೀಚರ ಮೇಲೇ ರೇಗಿದೆ. ಬರೆದಿಲ್ಲ ಬರೆದಿಲ್ಲ ಎಂದು ದೂರುವ ಬದಲು ಬರೆಸಬಾರದೇ ಎಂದೆ. ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಡೈರಿಯನ್ನು ತಮ್ಮ ಕಡೆ ಎಳೆದುಕೊಂಡು ಮೆಲ್ಲಗೆ ಹೇಳಿದರು:

“ರಾಯಲೇದು ಅಂಟೇ ರಾಯಲೇಕಪೋತುಂದಿ ಅನಿ, ಮೇಡಂ. ತನ ವಲ್ಲ ಕಾವಟ್ಲೇದು.”

ಬರೆಯಲು ಆಗುತ್ತಿಲ್ಲ ಅಂತ. ಅವಳ ಕೈಲಿ ಆಗುತ್ತಿಲ್ಲ ಅಂತ. ಹುಡುಗನಾಗಿದ್ದರೆ ‘ರಾಯಲೇಡು’ ಎಂದು ಬೇರೆಯಾಗಿಯೇ ಬರುತ್ತಿತ್ತಂತೆ. ಹುಡುಗಿಯಾದರೆ ‘ಬರೆಯಲಿಲ್ಲ’, ‘ಬರೆಯಲಾರಳು’ ಎರಡಕ್ಕೂ ತೆಲುಗಿನಲ್ಲಿ ಒಂದೇ ಪದ. ಡೈರಿಯ ಹಳೆಯ ಪುಟಗಳನ್ನು ತಿರುವಿ ಆ ಸಾಲನ್ನು ಮತ್ತೆ ಓದಿದೆ. ಆ ವಾರವಷ್ಟೇ ಯಾರದೋ ಮಗುವಿನ ಟಿಪ್ಪಣಿಗೆ ಬರವಣಿಗೆಯ ಕಲಿಕಾ ತೊಂದರೆಯ ಸಂಖ್ಯೆಯಾದ ಎಫ್ 81.81 ಹಚ್ಚಿ ಬಂದಿದ್ದೆ. ಟೀಚರೇ ಸಮಾಧಾನ ಮಾಡಿದರು. ತಜ್ಞರಿಗೆ ತೋರಿಸಿ ಖಚಿತವಾದ ವರದಿ ತಂದರೆ ವಾರ್ಷಿಕ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೊಡುತ್ತೇವೆ, ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೂರಿಸುತ್ತೇವೆ ಎಂದರು.

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವಿಜಯವಾಡಕ್ಕೆ ವರ್ಗವಾಗಿ ಅವರೊಬ್ಬರೇ ಅಲ್ಲಿದ್ದರು. ಅಲ್ಲಿ ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಯನ್ನು ಅವರೇ ವಿಚಾರಿಸಿಟ್ಟಿದ್ದರು. ಮಗಳನ್ನು ಕರೆದುಕೊಂಡು ಹೋದೆ. ಆಕೆ ಎರಡು ಬೆಳಿಗ್ಗೆ ಮಗಳ ಜೊತೆ ಕೂತರು. ಒಂದು ಕಥೆಯನ್ನು ಬಾಯಲ್ಲಿ ಹೇಳಿಸಿದರು, ಅದನ್ನೇ ಬರೆಸಿದರು. ಹೇಳಿದ ಕಥೆಯಲ್ಲಿ ನರಿ, ಬಸ್ಸು, ಮದುವೆ ಊಟ ಎಲ್ಲ ಇತ್ತು. ಬರೆದದ್ದು ನಾಲ್ಕು ಸಾಲು, ಅದರಲ್ಲಿ ನರಿಯೇ ಇರಲಿಲ್ಲ.

ಕರಡು ವರದಿಯಲ್ಲಿ ‘ತೊಂದರೆ ಇರಬಹುದು’ ಎಂದಿತ್ತು. ‘ಇದೆ’ ಎಂದು ಬರೆದುಬಿಡಿ ತಾಯಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಆಫೀಸಿನಲ್ಲಿ ಕೇಳುವ ಹಾಗೆಯೇ ಕೇಳಿದೆ: ಇನ್ನೇನು ನೋಡಿದರೆ ನಿಮಗೆ ಖಚಿತವಾಗುತ್ತದೆ? ಆಕೆ ನಕ್ಕರು. ಕಣ್ಣು ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ. ಆದರೆ ಮೂರು ಲಿಪಿ ಕಲಿಯುತ್ತಿರುವ ಮಗು, ಅಭ್ಯಾಸ ಸಾಲದೆಯೂ ಹೀಗಾಗಿರಬಹುದಲ್ಲ ಎಂದರು.

ಅಭ್ಯಾಸವೇ! ಚೀಲದಿಂದ ಭಾನುವಾರಗಳ ಕಾಪಿ ಪುಸ್ತಕಗಳನ್ನು ತೆಗೆದು ರಾಶಿ ಹಾಕಿದೆ. ಮೊದಲ ಪುಟವೂ ಕೊನೆಯ ಪುಟವೂ ಒಂದೇ ಥರ ಇದ್ದವು. ಅದರ ಮೇಲೆ ಡೈರಿ ಇಟ್ಟೆ. ಆಕೆ ತೆಲುಗಿನವರು, ಟೀಚರ ಸಾಲನ್ನು ಮೊದಲ ಸಲಕ್ಕೇ ಸರಿಯಾಗಿ ಓದಿದರು. ‘ಇರಬಹುದು’ ಹೋಗಿ ‘ಇದೆ’ ಬಂತು, ಪಕ್ಕದಲ್ಲಿ ನನ್ನ ಹಳೆಯ ಪರಿಚಯದ ಎಫ್ 81.81.

ಹೊರಗೆ ಆಟೊಗೆ ಕಾಯುವಾಗ ಮಗಳು ಕೇಳಿದಳು.

“ಅಂದ್ರೆ ನಾ ಬೇಕಂತ ಮಾಡಿದ್ದಲ್ಲ, ಅಲ್ವಾ?”

“ಅಲ್ಲ ಪುಟ್ಟಿ. ನಾನೇ ತಪ್ಪು ಓದಿದ್ದು.”

ಅವಳು ನನ್ನನ್ನು ಕ್ಷಮಿಸಲು ಒಂದು ಐಸ್‌ಕ್ರೀಮಿನಷ್ಟು ಹೊತ್ತು ತೆಗೆದುಕೊಂಡಳು. ನನಗೆ ನನ್ನನ್ನು ಕ್ಷಮಿಸಿಕೊಳ್ಳಲು ಇನ್ನೂ ಪೂರ್ತಿ ಆಗಿಲ್ಲ. ಆದರೂ ಈಗ ಮನೆಯಲ್ಲಿ ಭಾನುವಾರ ಅಂದರೆ ಭಾನುವಾರವೇ. ವಾರ್ಷಿಕ ಪರೀಕ್ಷೆಯಲ್ಲಿ ಅವಳು ಹೇಳಿದಳು, ಇನ್ನೊಬ್ಬರು ಬರೆದರು, ಪಾಸಾಗಿ ಆರನೇ ಕ್ಲಾಸಿಗೆ ಹೋದಳು.

ಮೊನ್ನೆ ದಾವಣಗೆರೆಯ ಅಜ್ಜಿಗೆ ಕಾಗದ ಹಾಕಬೇಕು ಎಂದು ಹಟ ಹಿಡಿದಳು. ಅವಳು ಹೇಳುವುದು, ನಾನು ಬರೆಯುವುದು. ಕೀಬೋರ್ಡಿಗೆ ಒಗ್ಗಿಹೋದ ಕೈ, ಪೆನ್ನು ಮಾತೇ ಕೇಳಲಿಲ್ಲ. ಅವಳು ಬಗ್ಗಿ ನೋಡಿ, “ಅಮ್ಮ, ನಿಂದೂ ಕಾಗೆಕಾಲೇ ಕದಾ,” ಎಂದು ತೆಲುಗಿನ ಬಾಲ ಸೇರಿಸಿ ಅಣಕಿಸಿದಳು. ಆಮೇಲೆ ಕೊನೆಯ ಸಾಲು ಹೇಳಿದಳು:

“ಅಜ್ಜಿ, ಈ ಕಾಗದ ನಂದೇ. ಅಮ್ಮ ಬರೀ ಬರೆದಿದ್ದು ಅಷ್ಟೇ.”

ಅವಳು ಹೇಳಿದ್ದಷ್ಟನ್ನೇ, ಒಂದಕ್ಷರ ತಿದ್ದದೆ ಬರೆದೆ.